ಗೋಡೆಯ ಮೇಲಿನ ಪಂದ್ಯ

"ನಾನು ತಳ್ಳಿಲ್ಲ ದೊಡ್ಡಮ್ಮ. ನೀವೊಬ್ಬರಾದ್ರೂ ನಂಬ್ತೀರಾ?"

ಭಾನುವಾರ ಬೆಳಗ್ಗೆ ಎದುರುಮನೆಯ ಟೀಚರ್ ನಮ್ಮ ಬಾಗಿಲಲ್ಲಿ ನಿಂತು ಆಡಿದ ಮೊದಲ ಮಾತು ಅದು. ತಲೆ ಬಾಚಿರಲಿಲ್ಲ. ಒಂದು ಕಾಲಿಗೆ ಒಂದು ಜೋಡಿಯ ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು ಜೋಡಿಯದು.

"ನಂಬೋದು ನನ್ನ ಕೆಲಸ ಅಲ್ಲ," ಎಂದರು ದೊಡ್ಡಮ್ಮ, ಪತ್ರಿಕೆ ಮಡಿಸುತ್ತ. "ಒಳಗೆ ಬಾ. ಕೂತ್ಕೊಂಡು ಮೊದಲಿಂದ ಹೇಳು. ಅಳೋದಿದ್ರೆ ಕೊನೆಗೆ ಅಳು."

ನಮ್ಮ ದೊಡ್ಡಮ್ಮನ ಮಾತೇ ಹಾಗೆ. ಸುಟ್ಟ ಗೋದಾಮು, ನೀರಿಗೆ ಬಿದ್ದ ಲಾರಿ, ಕಳುವಾಯಿತೆಂದು ಹೇಳಿ ಅಡಗಿಸಿಟ್ಟ ಒಡವೆ, ಇವುಗಳ ನಡುವೆ ಸುಳ್ಳನ್ನು ಕಲ್ಲಿನಂತೆ ಆರಿಸುತ್ತ ವಿಮಾ ಕಂಪನಿಯಲ್ಲಿ ಉದ್ಯೋಗ ಮುಗಿಸಿದವರು. ನಿವೃತ್ತರಾದ ಮೇಲೆ ನನ್ನ ಜೊತೆಗೇ ಇದ್ದಾರೆ. ನಾನು ಔಷಧಿ ಅಂಗಡಿ ನಡೆಸುವವನು. ಬೀದಿಯವರ ಲೆಕ್ಕದಲ್ಲಿ ಮಾತ್ರ ಅವರ ಸ್ಕೂಟರ್ ಓಡಿಸುವವನು. ಪೊಲೀಸರು ಕೈಚೆಲ್ಲಿದ ಕೆಲವು ಪ್ರಕರಣ ಬಿಡಿಸಿದ ಮೇಲೆ ಅವರು ಊರಿಗೆಲ್ಲ ದೊಡ್ಡಮ್ಮ ಆಗಿಬಿಟ್ಟಿದ್ದರು. ಹಾಗಂತ ಅವರು ಮನೆಗೆ ಬಂದರೆ ಯಾರ ಮುಖವೂ ಅರಳುತ್ತಿರಲಿಲ್ಲ.

ಎದುರುಮನೆಯ ಯಜಮಾನರನ್ನು ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಆಯುಷ್ಯವೆಲ್ಲ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವರು, ಕ್ಯಾಪ್ಟನ್ ಆಗಿರಲೇ ಇಲ್ಲ. ಹಡಗಿನಲ್ಲಿ ಸಿಗದ ಆ ಗತ್ತನ್ನು ಮನೆಯವರ ಮೇಲೆ ತೀರಿಸಿಕೊಳ್ಳುತ್ತಿದ್ದರು. ದೊಡ್ಡ ಮಗ ಹಲ್ಲಿನ ಡಾಕ್ಟರು, ಅವನ ಹೆಂಡತಿ ಈ ಟೀಚರ್. ಕಿರಿಮಗ ಹಳೇ ಕಾರು ಕೊಂಡು ಮಾರುವವನು, ಮದುವೆಯಾಗಿರಲಿಲ್ಲ. ಹಿಂದಿನ ಕೋಣೆಯಲ್ಲಿ ಕ್ಯಾಪ್ಟನ್ನರ ವಿಧವೆ ತಂಗಿ. ಆ ಮನೆಯಲ್ಲಿ ಒಬ್ಬರು ಉಪ್ಪು ಅಂದರೆ ಇನ್ನೊಬ್ಬರು ಸಕ್ಕರೆ ಡಬ್ಬ ಎತ್ತಿ ಕುಕ್ಕುತ್ತಿದ್ದರು.

ವಾರದ ನಡುವೆ ಕ್ಯಾಪ್ಟನ್ ಇದ್ದಕ್ಕಿದ್ದಂತೆ ಅಪ್ಪಣೆ ಹೊರಡಿಸಿದ್ದರು. ಭಾನುವಾರ ಸಂಜೆ ಫುಟ್‌ಬಾಲ್ ಫೈನಲ್. ಹಡಗಿನ ಹಳೇ ಗೆಳೆಯರೆಲ್ಲ ಬರುತ್ತಾರೆ. ಮಹಡಿಯ ಹಾಲಿನಲ್ಲಿ ಪಂದ್ಯ ಗೋಡೆ ತುಂಬ ಕಾಣಬೇಕು. ಪ್ರೊಜೆಕ್ಟರಿಗೆಂದು ಒಂದಿಷ್ಟು ಹಣ ಮೇಜಿನ ಮೇಲೆ ಇಟ್ಟು, "ಇದರ ಮೇಲೆ ಚಿಕ್ಕಾಸೂ ಕೇಳಬೇಡಿ" ಎಂದಿದ್ದರು.

ನಮ್ಮ ಮನೆಯಲ್ಲಿ ಒಂದು ಪ್ರೊಜೆಕ್ಟರ್ ಇದ್ದುದರಿಂದ ಟೀಚರ್ ಆಗಲೇ ನನ್ನನ್ನು ಕೇಳಲು ಬಂದಿದ್ದಳು. ನನಗೆ ತಿಳಿದಷ್ಟು ಹೇಳಿದ್ದೆ. "ಡಬ್ಬದ ಮೇಲೆ ಬರೆದಿರೋ ಬೆಳಕಿನ ಅಂಕಿ ನಂಬಬೇಡಮ್ಮ. ಈ ಬೆಲೆಯವು ಕತ್ತಲಲ್ಲಿ ಮಾತ್ರ ಹುಲಿ. ಹೊಸದೇ ಬೇಕು ಅನ್ನದೆ ಒಳ್ಳೆ ಕಂಪನಿಯ ಬಳಸಿದ್ದು ಸಿಗುತ್ತಾ ನೋಡು. ಏನು ತಂದ್ರೂ ಮೊದಲು ಕಿಟಕಿಗೆ ದಪ್ಪ ಪರದೆ ಹಾಕಿಸು."

ಅವಳು ಅಂಥದ್ದೊಂದನ್ನು ಹುಡುಕಿಯೂ ಇದ್ದಳು. ಅಷ್ಟರಲ್ಲಿ ಶುಕ್ರವಾರ ಸಂಜೆ ಮೈದುನ ಯಾರನ್ನೂ ಕೇಳದೆ ಹೊಸದೊಂದನ್ನು ತಂದ. ಅವನು ಕಾರಿನಿಂದಿಳಿದದ್ದನ್ನು ನಾನೇ ಅಂಗಡಿ ಕಟ್ಟೆಯಿಂದ ನೋಡಿದ್ದೆ. ಡಬ್ಬದ ನೀಲಿ ಹಿಡಿಗೆ ಎರಡು ಬೆರಳು ಸಿಕ್ಕಿಸಿ ತೂಗಾಡಿಸಿಕೊಂಡು ಬಂದು, "ಸೂರ್ಯನ ಎದುರಿಗಿಟ್ಟರೂ ಕಾಣುತ್ತಂತೆ ಸಾರ್! ಡಬ್ಬದ ಮೇಲೇ ಹಾಕಿದ್ದಾರೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ್ದ.

"ಶನಿವಾರ ಬೆಳಗ್ಗೆ ಜಗಳ ಆಯ್ತು," ಎಂದಳು ಟೀಚರ್. "ನಾನು ಹುಡುಕಿದ್ದು ಗುಜರಿ ಅಂದ್ರು ಮಾವ. ನನಗೂ ರೇಗಿತು. ಇನ್ಮೇಲೆ ನೀವು ಬಿದ್ರೂ ಎತ್ತೋಕೆ ಬರಲ್ಲ ಅಂದುಬಿಟ್ಟೆ."

"ಬೀದಿಗೆಲ್ಲ ಕೇಳಿಸಿತು. ಮುಂದೆ?"

"ಆದ್ರೂ ಭಾನುವಾರ ನಾಲ್ಕು ಜನರ ಮುಂದೆ ಮಾನ ಹೋಗೋದು ಮನೆದೇ ತಾನೆ? ಹಾಲಿನ ಪರದೆ ಅಷ್ಟೂ ಬಿಚ್ಚಿಕೊಂಡು ದರ್ಜಿ ಹತ್ರ ಹೋದೆ, ಹಿಂದೆ ಕಪ್ಪು ಬಟ್ಟೆ ಕೊಟ್ಟು ಹೊಲಿಸೋಕೆ. ಸೋಮವಾರಕ್ಕೆ ಮುಂಚೆ ಆಗಲ್ಲ ಅಂದ, ಗೋಗರೆದು ಭಾನುವಾರ ಸಂಜೆಯೊಳಗೆ ಕೊಡೋಕೆ ಒಪ್ಪಿಸಿ ಪರದೆ ಅಲ್ಲೇ ಬಿಟ್ಟು ಬಂದೆ. ದಾರೀಲಿ ಪಾರ್ಕಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಅಳು ಬಂದಿತ್ತು. ಮಧ್ಯಾಹ್ನ ಮನೆಗೆ ಬಂದ್ರೆ ಮಾವ ಮೆಟ್ಟಿಲ ಕೆಳಗೆ ಬಿದ್ದಿದ್ರು. ತಲೆಯಿಂದ ರಕ್ತ. ಕಿರುಚಿಕೊಂಡೆ. ಆಗಲೇ ಮೈದುನ ಮಹಡಿಯಿಂದ ಓಡಿ ಬಂದದ್ದು."

ಪಾರ್ಕಿನಲ್ಲಿ ಅವಳನ್ನು ಕಂಡವರು ಯಾರೂ ಇರಲಿಲ್ಲ. ಕ್ಯಾಪ್ಟನ್ನರಿಗೆ ಪ್ರಜ್ಞೆ ಬಂದಿರಲಿಲ್ಲ. ಸಂಜೆಯೊಳಗೆ ಅವಳನ್ನು ಠಾಣೆಗೆ ಕರೆದೊಯ್ಯುವುದಾಗಿ ಇನ್‌ಸ್ಪೆಕ್ಟರು ಹೇಳಿ ಹೋಗಿದ್ದರು.

"ನಿನ್ನ ಗಂಡ ಏನಂತಾನೆ?"

"ನಿಜ ಹೇಳು ಅಂತ ಮೂರು ಸಲ ಕೇಳಿದ್ರು," ಎಂದಳು. ಆಗ ಅತ್ತಳು.

ಮೊದಲು ಆಸ್ಪತ್ರೆಗೆ ಹೋದೆವು. ಕ್ಯಾಪ್ಟನ್ ಮಲಗಿದ್ದಾಗಲೂ ಹುಬ್ಬು ಗಂಟಿಕ್ಕಿಕೊಂಡೇ ಇದ್ದರು. ನರ್ಸ್ ಅವರ ಮೈಮೇಲಿದ್ದ ವಸ್ತುಗಳನ್ನು ತೋರಿಸಿದಳು: ಒಡೆದ ಕನ್ನಡಕ, ಗಡಿಯಾರ, ಬೆರಳುದ್ದದ ಒಂದು ನೀಲಿ ಪ್ಲಾಸ್ಟಿಕ್ ಚೂರು.

"ಇದೆಲ್ಲಿತ್ತು?"

"ಬಲಗೈ ಮುಷ್ಟಿಯೊಳಗೆ ಅಮ್ಮಾ. ಬೆರಳು ಬಿಡಿಸೋಕೆ ಇಬ್ಬರು ಬೇಕಾಯ್ತು."

ದೊಡ್ಡಮ್ಮ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಇನ್‌ಸ್ಪೆಕ್ಟರು ಬರುವವರೆಗೆ ಜೋಪಾನವಾಗಿಡುವಂತೆ ಹೇಳಿ ಹೊರಟರು.

ಎದುರುಮನೆಯಲ್ಲಿ ನಮ್ಮನ್ನು ಯಾರೂ ಕೂರಿ ಎನ್ನಲಿಲ್ಲ. ಹಲ್ಲಿನ ಡಾಕ್ಟರು ಶನಿವಾರ ಇಡೀ ಕ್ಲಿನಿಕ್ಕಿನಲ್ಲಿದ್ದ, ರೋಗಿಗಳೇ ಸಾಕ್ಷಿ. "ಅವಳೇ ಮಾಡಿದಾಳೆ ಅಂತ ನಾನು ಹೇಳ್ತಿಲ್ಲ. ಆದ್ರೆ ಮತ್ತೆ ಇನ್ಯಾರು?" ಎಂದ, ಹೆಂಡತಿಯ ಮುಖ ನೋಡದೆ.

ಕ್ಯಾಪ್ಟನ್ನರ ತಂಗಿ ಸಿಡಿದರು. "ಇನ್ಯಾರು ಅಂತ ಕೇಳೋದೇನಿದೆ? ಅಣ್ಣನ ಪಕ್ಕ ನಿಂತಿದ್ದವಳು ಇವಳೇ. ಕಿರಿಯವನು ಪಾಪ, ಮೇಲೆ ಪಂದ್ಯ ನೋಡ್ತಾ ಕೂತಿದ್ದ. ಕಾಮೆಂಟರಿ ನನ್ನ ಕಿವಿಯಾರೆ ಕೇಳಿದೀನಿ."

"ಮಲಗಿದ್ರಂತಲ್ಲ?" ಎಂದರು ದೊಡ್ಡಮ್ಮ.

"ಮಲಗಿದ್ದೆ. ಏನೋ ದಡಬಡ ಅಂತು, ಎಚ್ಚರ ಆಯ್ತು. ಗಾಳಿಗೆ ಬಾಗಿಲು ಬಡಿದುಕೊಂಡಿತು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಕಾಮೆಂಟರಿ ಶುರುವಾಯ್ತು. ಹಾಗೇ ಜೋಂಪು ಹತ್ತಿತು. ಆಮೇಲೆ ಇವಳ ಕಿರುಚಾಟ."

ಕಿರಿಮಗ ಮಹಡಿಯ ಹಾಲಿನಲ್ಲಿದ್ದ. ಪ್ರೊಜೆಕ್ಟರ್ ಸ್ಟ್ಯಾಂಡಿನ ಮೇಲೆ ಗೋಡೆಗೆ ಮುಖ ಮಾಡಿತ್ತು. ಬರಿಯ ಕಿಟಕಿಗಳು ಬೀದಿಯನ್ನು ದಿಟ್ಟಿಸುತ್ತಿದ್ದವು.

"ಎಲ್ಲಾ ಪೊಲೀಸರಿಗೆ ಹೇಳಿದೀನಿ," ಎಂದ ಅವನು. "ಊಟ ಮುಗಿಸಿ ಬಂದು ಸೆಮಿಫೈನಲ್ ರೆಕಾರ್ಡಿಂಗ್ ಹಾಕ್ಕೊಂಡೆ. ಗೋಡೆ ತುಂಬ ಬರ್ತಿತ್ತು. ಆಟಗಾರರ ಬೂಟಿನ ಲೇಸು ಕೂಡ ಕಾಣ್ತಿತ್ತು, ಅಷ್ಟು ಸ್ಪಷ್ಟ! ಅದರಲ್ಲೇ ಮುಳುಗಿಹೋಗಿದ್ದೆ. ಅತ್ತಿಗೆ ಕಿರುಚಿದಾಗಲೇ ನನಗೆ ಗೊತ್ತಾಗಿದ್ದು."

ಅಷ್ಟರಲ್ಲಿ ಇನ್‌ಸ್ಪೆಕ್ಟರು ಬಂದರು. ದೊಡ್ಡಮ್ಮನನ್ನು ಕಂಡು ಅವರ ಮೀಸೆ ಜೋತುಬಿತ್ತು. "ಪ್ರೊಜೆಕ್ಟರ್ ವಿಷಯ ನಾನೂ ಪರೀಕ್ಷೆ ಮಾಡಿದೀನಿ ಮೇಡಂ. ನಿನ್ನೆ ಕತ್ತಲಾದ ಮೇಲೆ ಬಂದೆ ನೋಡಿ, ದೀಪ ಆರಿಸಿ ಹಾಕಿಸಿದೆ. ಥೇಟು ಸಿನಿಮಾ ಟಾಕೀಸು! ಇವನ ಮಾತು ನೂರಕ್ಕೆ ನೂರು ನಿಜ."

"ಇದರ ಡಬ್ಬ ಎಲ್ಲಿ?" ಎಂದರು ದೊಡ್ಡಮ್ಮ.

ಅಟ್ಟದ ಮೇಲಿತ್ತು. ನಾನು ಇಳಿಸಿದೆ. ಒಂದು ಮೂಲೆ ಒಳಕ್ಕೆ ಜಜ್ಜಿಹೋಗಿತ್ತು. ಹಿಡಿ ಇರಬೇಕಾದ ಜಾಗದಲ್ಲಿ ಎರಡು ಮೊಂಡು ತುಂಡುಗಳಷ್ಟೇ ಉಳಿದಿದ್ದವು.

"ಅಂಗಡಿಯಲ್ಲೇ ಹಿಡಿ ಮುರಿದುಹೋಯ್ತು," ಎಂದ ಕಿರಿಮಗ. "ಮಗು ಥರ ಎರಡೂ ಕೈಯಲ್ಲಿ ತಬ್ಬಿಕೊಂಡು ತಂದೆ."

ನಾನು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಕಾಲು ತುಳಿದರು.

"ಇನ್‌ಸ್ಪೆಕ್ಟರೇ, ಸಂಜೆವರೆಗೆ ಟೈಮ್ ಕೊಟ್ಟಿದೀರಂತೆ. ನನಗೆ ಅಷ್ಟು ಬೇಡ. ಮಧ್ಯಾಹ್ನ ಊಟ ಆದ್ಮೇಲೆ ಎಲ್ಲರೂ ಇದೇ ಹಾಲಿಗೆ ಬನ್ನಿ. ಬರೋವಾಗ ಆಸ್ಪತ್ರೆಗೆ ಹೋಗಿ ಆ ನೀಲಿ ಚೂರು ತಗೊಂಡು ಬನ್ನಿ."

ಮಧ್ಯಾಹ್ನ ಎಲ್ಲರೂ ಸೇರಿದರು. ಟೀಚರ್ ಬಾಗಿಲ ಬಳಿ ಒಂಟಿಯಾಗಿ ನಿಂತಿದ್ದಳು. ಅವಳ ಪಕ್ಕದ ಕುರ್ಚಿ ಖಾಲಿಯಿದ್ದರೂ ಗಂಡ ತನ್ನ ಸೋದರತ್ತೆಯ ಪಕ್ಕ ಹೋಗಿ ಕೂತ. ಪಡುವಣದ ಕಿಟಕಿಗಳಿಂದ ಬಿಸಿಲು ಎದುರು ಗೋಡೆಯ ಮೇಲೆ ಸುಣ್ಣ ಬಳಿದಂತೆ ಬಿದ್ದಿತ್ತು. ನಾವೆಲ್ಲ ಕಣ್ಣು ಕಿರಿದು ಮಾಡಿಕೊಂಡೇ ಕೂತಿದ್ದೆವು.

"ನಿನ್ನೆ ಹೇಗೆ ನೋಡಿದೆಯೋ ಹಾಗೇ ಹಾಕಪ್ಪ," ಎಂದರು ದೊಡ್ಡಮ್ಮ ಕಿರಿಮಗನಿಗೆ. "ಅದೇ ಪಂದ್ಯ, ಅದೇ ಜಾಗ. ಆಟಗಾರರ ಬೂಟು ನಾನೂ ನೋಡಬೇಕು."

ಅವನು ಎದ್ದ. ಕಿಟಕಿಯ ಕಡೆ ನೋಡಿದ. ಸ್ವಿಚ್ ಒತ್ತಿದ. ಫ್ಯಾನ್ ಗುಂಯ್‌ಗುಟ್ಟಿತು, ಕಾಮೆಂಟರಿ ಗಂಟಲು ಹರಿದುಕೊಂಡು ಮೊಳಗಿತು, ಸಾವಿರಾರು ಜನ ಕೇಕೆ ಹಾಕಿದರು. ಗೋಡೆಯ ಮೇಲೆ ಮಾತ್ರ ಬಿಸಿಲು ಬಿಟ್ಟರೆ ಏನೂ ಇರಲಿಲ್ಲ. ಹತ್ತಿರ ಹೋಗಿ ದಿಟ್ಟಿಸಿದರೆ ತೊಳೆದ ಬಟ್ಟೆಯ ಮೇಲಿನ ಹಳೇ ಕಲೆಯಂತೆ ಏನೋ ಮಸುಕು ಅಲುಗಿತು.

"ಇನ್‌ಸ್ಪೆಕ್ಟರೇ, ನಿಮಗೆ ಲೇಸು ಕಾಣ್ತಿದೆಯಾ?"

ಇನ್‌ಸ್ಪೆಕ್ಟರು ಕೆಮ್ಮಿದರು.

"ಸದ್ದು ಆರಿಸು," ಎಂದು ದೊಡ್ಡಮ್ಮ ಶುರು ಮಾಡಿದರು. "ನೀವು ಕತ್ತಲಲ್ಲಿ ಪರೀಕ್ಷೆ ಮಾಡಿದ್ರಿ, ಕ್ಯಾಪ್ಟನ್ ಬಿದ್ದಿದ್ದು ಬಿಸಿಲಲ್ಲಿ. ಪರದೆ ದರ್ಜಿ ಅಂಗಡೀಲಿತ್ತು, ಇವತ್ತಿಗೂ ಅಲ್ಲೇ ಇದೆ. ಸುಮ್ನೆ ಕಾಮೆಂಟರಿ ಕೇಳ್ತಿದ್ದೆ ಅಂದಿದ್ರೆ ನನಗೆ ತಲೆನೋವಾಗ್ತಿತ್ತು. ಇವನು ಲೇಸು ಕಾಣ್ತು ಅಂದ. ತಾನು ತಂದ ಸಾಮಾನು ಹೊಗಳೋದು ವ್ಯಾಪಾರಿಗೆ ಅಭ್ಯಾಸ ನೋಡಿ, ಸುಳ್ಳು ಹೇಳೋವಾಗಲೂ ಬಿಡಲಿಲ್ಲ."

"ಹಾಗಾದ್ರೆ ನಾನು ಕೇಳಿದ ಕಾಮೆಂಟರಿ?" ಎಂದರು ತಂಗಿ.

"ಕೇಳಿದ್ದು ಸರಿಯೇ. ಮೊದಲು ದಡಬಡ ಅಂತು, ಆಮೇಲೆ ಕಾಮೆಂಟರಿ ಬಂತು ಅಂದವರು ನೀವೇ. ಬಿದ್ದ ಮೇಲೆ ಪಂದ್ಯ ಶುರುವಾಗಿದೆ. ನಿಮ್ಮ ಸೊಸೆ ಕಿರುಚೋ ಮುಂಚೇನೇ ನಿಮ್ಮ ಅಣ್ಣ ಬಿದ್ದಾಗಿತ್ತು."

ತಂಗಿ ಮುಖ ತಗ್ಗಿಸಿದರು. ಇನ್‌ಸ್ಪೆಕ್ಟರು ತಂದಿದ್ದ ಚೂರನ್ನು ದೊಡ್ಡಮ್ಮ ಡಬ್ಬದ ಮೊಂಡು ತುಂಡುಗಳ ನಡುವೆ ಇಟ್ಟರು. ಮುರಿದ ಅಂಚುಗಳು ಹಲ್ಲಿಗೆ ಹಲ್ಲು ಕೂಡಿದವು.

"ಅಂಗಡಿಯಲ್ಲೇ ಮುರಿದ ಹಿಡಿ ಕ್ಯಾಪ್ಟನ್ ಮುಷ್ಟಿಗೆ ಹೇಗೆ ಬಂತು? ಶುಕ್ರವಾರ ಇವನು ಡಬ್ಬಾನ ಇದೇ ಹಿಡಿ ಹಿಡಿದು ಎರಡೇ ಬೆರಳಲ್ಲಿ ತೂಗಾಡಿಸಿಕೊಂಡು ಬಂದಿದ್ದನ್ನ ನನ್ನ ಮಗ ಕಣ್ಣಾರೆ ನೋಡಿದಾನೆ. ಹೇಳೋ."

ನಾನು ಹೇಳಿದೆ.

"ಕ್ಯಾಪ್ಟನ್ ಮಧ್ಯಾಹ್ನ ಮೇಲೆ ಬಂದು ತೋರಿಸು ಅಂದಿರಬೇಕು. ಈಗ ನಾವು ಕಂಡಿದ್ದನ್ನೇ ಅವರೂ ಕಂಡ್ರು. ಅವರ ಬಾಯಿ ಎಲ್ಲರಿಗೂ ಗೊತ್ತು. ಡಬ್ಬಕ್ಕೆ ತುಂಬಿ, ಅಂಗಡಿಗೆ ವಾಪಸ್ ಕೊಡ್ತೀನಿ ಅಂತ ತಾವೇ ಎತ್ಕೊಂಡು ಹೊರಟ್ರು. ಇವನು ಮೆಟ್ಟಿಲ ಮೇಲೆ ಡಬ್ಬ ಹಿಡಿದೆಳೆದ. ಹಿಡಿ ಮುರೀತು. ಅಪ್ಪ, ಡಬ್ಬ ಎರಡೂ ಉರುಳಿದವು."

"ನಾನು ತಳ್ಳಲಿಲ್ಲ!" ಕಿರಿಮಗನ ಧ್ವನಿ ಒಡೆಯಿತು. "ಸೊಸೆಗಿರೋ ಬುದ್ಧಿ ನಿನಗಿಲ್ಲ, ಒಂದು ದೀಪ ಆರಿಸೋಕೂ ಲಾಯಕ್ಕಿಲ್ಲ, ನಾಳೆ ನನ್ನ ಗೆಳೆಯರ ಮುಂದೆ ನಿಲ್ಲಿಸಿ ಹೇಳ್ತೀನಿ ಅಂದ್ರು. ಡಬ್ಬ ಕೊಡಿ ಅಂತ ಎಳೆದೆ ಅಷ್ಟೇ. ಆಣೆ ಮಾಡಿ ಹೇಳ್ತೀನಿ, ತಳ್ಳಲಿಲ್ಲ!"

"ತಳ್ಳಿದೆಯಾ ಅಂತ ನಾನು ಕೇಳಲೇ ಇಲ್ಲ," ಎಂದರು ದೊಡ್ಡಮ್ಮ. "ಡಬ್ಬ ಕೆಳಗೆ ಬಿದ್ದು ಮೂಲೆ ಜಜ್ಜಿದೆ. ಆಮೇಲೆ ಅದು ಅಟ್ಟದ ಮೇಲಿದೆ, ಪ್ರೊಜೆಕ್ಟರ್ ಸ್ಟ್ಯಾಂಡ್ ಮೇಲಿದೆ. ಅಂದ್ರೆ ನೀನು ಕೆಳಗೆ ಇಳಿದು ಹೋಗಿದೀಯ. ರಕ್ತದಲ್ಲಿ ಬಿದ್ದಿರೋ ಅಪ್ಪನ ಪಕ್ಕದಲ್ಲೇ ಬಗ್ಗಿದೀಯ. ಅಪ್ಪನ್ನ ಬಿಟ್ಟು ಡಬ್ಬ ಎತ್ಕೊಂಡು ಮೇಲೆ ಬಂದಿದೀಯ. ಅದು ಯಾಕೆ ಅಂತ ಹೇಳು."

ಅವನು ಮುಖ ಮುಚ್ಚಿಕೊಂಡು ನೆಲದ ಮೇಲೆ ಕುಸಿದ. ಇನ್‌ಸ್ಪೆಕ್ಟರು ಅವನ ರಟ್ಟೆ ಹಿಡಿದು ಎಬ್ಬಿಸಿದರು. ಅಣ್ಣ ತಮ್ಮನಿಗೆ ಹೊಡೆಯಲು ಮುನ್ನುಗ್ಗಿದ, ಟೀಚರ್ ಅಡ್ಡ ಬಂದು, "ಈಗ ಬೇಡ. ಅಷ್ಟು ರೋಷ ಇದ್ದಿದ್ರೆ ನಿನ್ನೆ ತೋರಿಸಬೇಕಿತ್ತು" ಎಂದಳು.

ಸಂಜೆ ಹಡಗಿನ ಗೆಳೆಯರು ಒಬ್ಬೊಬ್ಬರಾಗಿ ಬಂದು, ಬೀಗ ನೋಡಿ ಹಿಂತಿರುಗಿದರು.

ಮರುದಿನ ಕ್ಯಾಪ್ಟನ್ನರಿಗೆ ಪ್ರಜ್ಞೆ ಬಂತು. ನಡೆದದ್ದನ್ನೆಲ್ಲ ಇನ್‌ಸ್ಪೆಕ್ಟರು ಬಿಡಿಸಿ ಹೇಳಿದರು. ಕಿರಿಮಗ ಒಪ್ಪಿಕೊಂಡದ್ದು, ಸೊಸೆಯ ಮೇಲೆ ಗೂಬೆ ಕೂರಿಸಿದ್ದು ಎಲ್ಲವನ್ನೂ. ಹಾಸಿಗೆಯ ಸುತ್ತ ನಾವೆಲ್ಲ ನಿಂತಿದ್ದೆವು. ಮುದುಕ ಒಂದೊಂದು ಪದವನ್ನೂ ಎಳೆದೆಳೆದು ಹೇಳಿದರು: "ನಾನೇ ಜಾರಿ ಬಿದ್ದೆ. ಬರಕೊಳ್ಳಿ. ನನ್ನ ಮಗನ್ನ ಬಿಟ್ಟುಬಿಡಿ."

"ಹಿಡಿ ಮುರಿದದ್ದು?" ಎಂದರು ಇನ್‌ಸ್ಪೆಕ್ಟರು.

"ಜಾರಿ ಬಿದ್ದೆ ಅಂದೆನಲ್ಲ."

ಇನ್‌ಸ್ಪೆಕ್ಟರು ದೊಡ್ಡಮ್ಮನ ಮುಖ ನೋಡಿದರು. ದೊಡ್ಡಮ್ಮ ಕಿಟಕಿಯಾಚೆ ನೋಡುತ್ತಿದ್ದರು. ಬಿದ್ದವರೇ ಹಾಗೆಂದ ಮೇಲೆ ಕಾನೂನಿಗೆ ಹಿಡಿತ ಎಲ್ಲಿ ಸಿಗುತ್ತದೆ?

ಟೀಚರ್ ಹಾಸಿಗೆಯ ಹತ್ತಿರ ಹೋದಳು. "ಮಾವ, ನಾನು ಮಾಡಿಲ್ಲ ಅಂತಾನೂ ಒಂದು ಮಾತು ಹೇಳಿ. ಇಷ್ಟೂ ಜನರ ಮುಂದೆ."

ಕ್ಯಾಪ್ಟನ್ ಕಣ್ಣು ಮುಚ್ಚಿ ಗೋಡೆಯ ಕಡೆ ಹೊರಳಿದರು.

ಅವಳು ಮತ್ತೆ ಕೇಳಲಿಲ್ಲ. ಅದೇ ಸಂಜೆ ತನ್ನ ಬಟ್ಟೆ, ಪುಸ್ತಕಗಳನ್ನು ಆಟೋಗೆ ತುಂಬಿಕೊಂಡು ಶಾಲೆಯ ಹತ್ತಿರ ಒಂದು ಕೋಣೆ ಹಿಡಿದಳು. ಸ್ವಲ್ಪ ದಿನಗಳ ಮೇಲೆ ಹಲ್ಲಿನ ಡಾಕ್ಟರು ಒಂದು ಪೆಟ್ಟಿಗೆ, ಸುರುಳಿ ಸುತ್ತಿದ ಹಾಸಿಗೆ ಹಿಡಿದು ಅವಳ ಬಾಗಿಲಲ್ಲಿ ನಿಂತನಂತೆ. ಅವಳು ಬಾಗಿಲು ತೆರೆದು, ಅವನನ್ನು ಮೇಲಿಂದ ಕೆಳಗೆ ನೋಡಿ, "ಪೆಟ್ಟಿಗೆ ಒಳಗಿಡಿ. ಹಾಸಿಗೆ ಜಗಲಿ ಮೇಲೆ ಹಾಸಿಕೊಳ್ಳಿ" ಎಂದಳಂತೆ.

ದೊಡ್ಡಮ್ಮನಿಗೆ ಈ ಸುದ್ದಿ ಹೇಳಿದೆ. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಚಳಿ ಶುರುವಾಗಿದೆ," ಎಂದರು. "ಅವನಿಗೊಂದು ಕಂಬಳಿ ಕೊಟ್ಟು ಬಾ. ನಾನು ಕಳಿಸಿದೆ ಅಂತ ಮಾತ್ರ ಹೇಳಬೇಡ."