ಉಳಿದ ದಿನ: ಸೊನ್ನೆ

ಉಷಾರಾಣಿ ಹಿರಿಯೂರಿನ ಸೈಟ್ ಆಫೀಸಿಗೆ ಮ್ಯಾನೇಜರಾಗಿ ಬಂದ ವಾರವೇ ರಂಗೇಶನಿಗೆ ಅವಳನ್ನು ಕಂಡರಾಗದಂತಾಯಿತು. ಆ ಕುರ್ಚಿ ತನ್ನದೆಂದು ಅವನು ನಂಬಿದ್ದ. ಚಿತ್ರದುರ್ಗದ ಕಂಟ್ರಾಕ್ಟರ್ ಹನುಮಂತಯ್ಯನವರು ಹಳ್ಳಿಗಳಿಗೆ ನೀರಿನ ಟ್ಯಾಂಕು ಕಟ್ಟಿಸುವ ಕೆಲಸ ಹಿಡಿದಾಗ, ಯಾವ ಕೆಲಸ ಎಲ್ಲಿಗೆ ಬಂತು ಎಂದು ತೋರಿಸುವ ಸಾಫ್ಟ್‌ವೇರನ್ನು ರಾತ್ರಿ ಹಗಲು ಕೂತು ಕಲಿತವನು ಅವನು. ಮಿಕ್ಕವರೆಲ್ಲ ಆ ಪರದೆಯನ್ನು ಟೀವಿ ನೋಡಿದ ಹಾಗೆ ನೋಡುತ್ತಿದ್ದರು.

ಮೊದಲ ಮೀಟಿಂಗಿನಲ್ಲೇ ಅವಳು ಅವನ ಮರ್ಯಾದೆ ತೆಗೆದಳು. ಬಾಗೂರಿನ ಟ್ಯಾಂಕು ಮುಕ್ಕಾಲು ಪಾಲು ಮುಗಿದಿದೆ ಎಂದು ಅವನು ಎಂದಿನಂತೆ ಹೇಳಿದ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಎಷ್ಟು ಮುಗಿದೈತೆ ಅನ್ನೋದು ಬ್ಯಾಡ ರಂಗೇಶ್. ಇನ್ನೆಷ್ಟು ದಿನ ಹಿಡಿತೈತೆ, ಅದನ್ನ ಹೇಳ್ರಿ."

ಅವನಿಗೆ ಗೊತ್ತಿರಲಿಲ್ಲ. ಅವನು ಬಾಗೂರಿಗೆ ಹೋಗಿ ತಿಂಗಳ ಮೇಲಾಗಿತ್ತು. ಬಾಗಿಲ ಬಳಿ ನಿಂತಿದ್ದ ಮೇಸ್ತ್ರಿ ಚಿಕ್ಕತಿಮ್ಮಪ್ಪ ತಲೆ ಬಗ್ಗಿಸಿ ನಕ್ಕ. ಆ ನಗು ರಂಗೇಶನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತುಬಿಟ್ಟಿತು.

ಅಂದಿನಿಂದ ಅವಳು ತಾನೇ ಸೈಟುಗಳಿಗೆ ಓಡಾಡಿ, ಬಂದು, ಅಂಕಿಗಳನ್ನು ತಾನೇ ತುಂಬತೊಡಗಿದಳು. ತುಂಬುವುದನ್ನು ಹೇಳಿಕೊಟ್ಟವನು ರಂಗೇಶನೇ. ಅವಳ ಪಾಸ್‌ವರ್ಡ್ ಇಟ್ಟವನೂ ಅವನೇ. ಅದನ್ನು ಬದಲಾಯಿಸಬೇಕೆಂದು ಅವಳಿಗೆ ಹೊಳೆದಿರಲಿಲ್ಲ, ಅವನು ಹೇಳಿರಲೂ ಇಲ್ಲ.

ಅವಳನ್ನು ಕೆಡವಲು ಒಂದೇ ಒಂದು ಅಂಕಿ ಸಾಕೆಂದು ಅವನು ಕಂಡುಕೊಂಡ. ಪರದೆಯ ಮೇಲೆ ಪ್ರತಿ ಕೆಲಸದ ಮುಂದೆ ಅಂಕಿ ತುಂಬುವ ಎರಡು ಮನೆಗಳು. ಒಂದರಲ್ಲಿ ಶೇಕಡಾ ಎಷ್ಟು ಮುಗಿಯಿತು, ಪಕ್ಕದ್ದರಲ್ಲಿ ಇನ್ನೆಷ್ಟು ದಿನ ಉಳಿಯಿತು. ಮೊದಲನೆಯದರಲ್ಲಿ ನೂರು ಎಂದು ಒತ್ತಿದರೆ ಎರಡನೆಯದು ತಾನಾಗಿಯೇ ಸೊನ್ನೆಯಾಗುತ್ತದೆ. ಬಾಗೂರಿನ ಟ್ಯಾಂಕಿಗೆ ಮೇಲಿನ ಮುಚ್ಚಳವೇ ಇನ್ನೂ ಬಿದ್ದಿರಲಿಲ್ಲ. ಅದು ಮುಗಿದಿದೆ ಎಂದು ಅವಳ ಹೆಸರಿನಲ್ಲಿ ಬರೆದರೆ? ಹನುಮಂತಯ್ಯನವರು ಫೋನು ಮಾಡಿ ವಿಚಾರಿಸುವ ಪೈಕಿಯವರಲ್ಲ. ಮುಗಿಯಿತೆಂದು ಕಂಡರೆ ಹಾರ, ತೆಂಗಿನಕಾಯಿ ಹಿಡಿದು ನೇರ ಊರಿಗೇ ಹೋಗಿ ನಿಲ್ಲುವವರು. ಸುಳ್ಳನ್ನು ಕ್ಷಮಿಸಿಯಾರು, ಜನರ ಎದುರು ಆದ ಅವಮಾನವನ್ನು ಎಂದಿಗೂ ಇಲ್ಲ.

ಉಳಿದದ್ದು ತನ್ನ ಮೇಲೆ ಅನುಮಾನ ಬಾರದಂತೆ ನೋಡಿಕೊಳ್ಳುವುದು. ಪ್ರತಿ ವಾರದ ಫೈಲು ಫ್ಲಾಪಿಯಲ್ಲಿ ಸೋಮವಾರ ಚಿತ್ರದುರ್ಗಕ್ಕೆ ಹೋಗುತ್ತಿತ್ತು. ಕೊನೆಯ ಸಲ ಅದನ್ನು ತಿದ್ದಿದ ದಿನ, ಹೊತ್ತು ಅದರ ಮೇಲೆ ಬೀಳುತ್ತದೆ. ಅದನ್ನು ಬರೆಯುವುದು ಕಂಪ್ಯೂಟರಿನ ಗಡಿಯಾರ. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಕಂಪ್ಯೂಟರು ಅದನ್ನೇ ನಿಜವೆಂದು ನಂಬುತ್ತದೆ.

ಗುರುವಾರ ಉಷಾರಾಣಿ ಇಡೀ ದಿನ ಆಫೀಸಿನಲ್ಲೇ ಇರುವವಳಿದ್ದಳು. ಅದೇ ದಿನ ಹನುಮಂತಯ್ಯನವರು ಪೈಪಿನ ದಾರಿ ನೋಡಲು ಭರಮಸಾಗರಕ್ಕೆ ಹೊರಟಿದ್ದರು. ಅಳತೆ ಹಿಡಿಯಲು ತಾನು ಬರುತ್ತೇನೆಂದು ರಂಗೇಶ್ ಕೇಳಿಕೊಂಡು ಬೆಳಗಿನ ಬಸ್ಸಿಗೇ ಚಿತ್ರದುರ್ಗಕ್ಕೆ ಹೋಗಿ ಅವರ ಜೀಪು ಹತ್ತಿದ. ಸಂಜೆಯ ತನಕ ಯಜಮಾನರ ಕಣ್ಣಳತೆಯಲ್ಲೇ ಸುಳಿದಾಡಿದ. ಮಧ್ಯಾಹ್ನದ ಊಟಕ್ಕೆ ಅವರ ಪಕ್ಕದಲ್ಲೇ ಕೂತು, ನೆನಪಿರಲೆಂದು, ಎರಡೆರಡು ಸಲ ಮಜ್ಜಿಗೆ ಬಡಿಸಿದ. ರಾತ್ರಿ ಚಿತ್ರದುರ್ಗದಲ್ಲಿ ಭಾವನ ಮನೆಯಲ್ಲಿ ಮಲಗಿ ಮರುದಿನ ಹಿರಿಯೂರಿಗೆ ಬಂದ.

ಭಾನುವಾರ ಆಫೀಸು ಖಾಲಿ. ಕಂಪ್ಯೂಟರಿನ ಗಡಿಯಾರವನ್ನು ಗುರುವಾರ ಮಧ್ಯಾಹ್ನ ಮೂರೂವರೆಗೆ ಇಟ್ಟು ಅವಳ ಪಾಸ್‌ವರ್ಡಿನಿಂದ ಒಳಗೆ ಹೋದ. ನೂರು ಎಂದು ಒತ್ತಿದ. ಪರದೆಯ ಮೇಲೆ ಬಾಗೂರಿನ ಕೆಲಸ ತೋರಿಸುವ ಉದ್ದನೆಯ ಪಟ್ಟಿಯೊಳಗೆ ಕಪ್ಪು ಗೆರೆ ಕೊನೆಯ ತನಕ ಓಡಿತು. ಪಕ್ಕದ ಮನೆಯಲ್ಲಿ ಸೊನ್ನೆ ಬಂದು ಕೂತಿತು. ಗಡಿಯಾರವನ್ನು ಮತ್ತೆ ಸರಿಮಾಡಿ ಬೀಗ ಹಾಕಿ ಹೊರಬಂದವನಿಗೆ ಎಷ್ಟೋ ತಿಂಗಳ ಮೇಲೆ ಚೆನ್ನಾಗಿ ಹಸಿವಾಗಿತ್ತು.

ಎಲ್ಲವೂ ಅವನು ಎಣಿಸಿದಂತೆಯೇ ನಡೆಯಿತು. ಆ ವಾರ ಉಷಾರಾಣಿ ಹೊಳಲ್ಕೆರೆ ಕಡೆಯ ಸೈಟಿನಲ್ಲಿದ್ದಳು. ಹನುಮಂತಯ್ಯನವರು ಊರಿನವರಿಗೆ ಹೇಳಿಕಳಿಸಿ, ಹಾರದ ಸಮೇತ ಬಾಗೂರಿಗೆ ಹೋದರು. ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಟ್ಯಾಂಕಿನ ತಲೆಯ ಮೇಲೆ ಬರಿಯ ಕಂಬಿಗಳು ಆಕಾಶಕ್ಕೆ ಚುಚ್ಚಿಕೊಂಡಿದ್ದವು. ಓಬಕ್ಕ ಎಂಬ ಮುದುಕಿ ಕೊಡ ಕೆಳಗಿಟ್ಟು, ಯಜಮಾನರ ಹಾರವನ್ನೂ ಟ್ಯಾಂಕನ್ನೂ ನೋಡಿದಳು.

"ಏನಪ್ಪ, ಹಾರ ಕುಡಿಯಾಕಾಗ್ತೈತಾ?"

ಜನ ನಕ್ಕರು. ಜೀಪಿನ ಹಿಂದಿನ ಸೀಟಿನಲ್ಲಿದ್ದ ರಂಗೇಶ್ ಆ ನಗೆಯನ್ನು ಬೆಲ್ಲದಂತೆ ಚಪ್ಪರಿಸಿದ.

ಅದೇ ಸಂಜೆ ಹಿರಿಯೂರಿನ ಆಫೀಸಿನಲ್ಲಿ ಎಲ್ಲರನ್ನೂ ನಿಲ್ಲಿಸಿದರು. ಹೊಳಲ್ಕೆರೆಯಿಂದ ಓಡಿಬಂದಿದ್ದ ಉಷಾರಾಣಿಯ ಸೀರೆಯ ತುಂಬ ಸಿಮೆಂಟಿನ ಧೂಳು. ತಾನು ಹಾಗೆ ತುಂಬಿಲ್ಲವೆಂದು ಅವಳು ಮೂರು ಸಲ ಹೇಳಿದಳು. ಮೂರನೆಯ ಸಲ ಅವಳ ದನಿ ನಡುಗಿತು. ಅದನ್ನು ಕೇಳಲೆಂದೇ ರಂಗೇಶ್ ಇಷ್ಟು ದಿನ ಕಾದಿದ್ದ. ಯಜಮಾನರು ಅವಳ ಕಡೆ ನೋಡಲೂ ಇಲ್ಲ. ಫೈಲು ತೆರೆದು ತೋರಿಸೆಂದು ರಂಗೇಶನಿಗೇ ಹೇಳಿದರು. ಅವನು ತೆರೆದ. ಒಳಗೆ ಹೋದವರ ಹೆಸರು ಉಷಾರಾಣಿ. ತಿದ್ದಿದ ಹೊತ್ತು, ಹಿಂದಿನ ವಾರದ ಗುರುವಾರ, ಮಧ್ಯಾಹ್ನ ಮೂರೂವರೆ.

"ಅವತ್ತು ಮೇಡಂ ಒಬ್ರೇ ಇದ್ರು ಸಾರ್," ಎಂದ ರಂಗೇಶ್, ಆದಷ್ಟು ಬೇಸರದ ದನಿಯಲ್ಲಿ. "ನಾನು ನಿಮ್ ಜತೇಲೇ ಭರಮಸಾಗರದಾಗಿದ್ದೆ."

"ಹೂಂ, ನೀನಿದ್ದೆ," ಎಂದರು ಹನುಮಂತಯ್ಯ. ಅವರು ಪರದೆಯ ಮೇಲಿನ ಆ ಹೊತ್ತಿನ ಮೇಲೆ ಬೆರಳಿಟ್ಟರು. ಆಮೇಲೆ ನಿಧಾನವಾಗಿ ಹೇಳಿದರು: "ನೀನು ಕೆರೆ ಏರಿ ಮ್ಯಾಲೆ ಟೇಪು ಹಿಡ್ಕಂಡಿದ್ದಾಗ ಹಿರಿಯೂರಾಗೆ ಮಿಲ್ಲಿಟ್ಟಿರೋ ನನ್ ತಮ್ಮ ಅಲ್ಲಿನ ಅಂಗಡಿಗೆ ಫೋನ್ ಮಾಡಿದ್ದ ಕಣಪ್ಪ. ಟ್ರಾನ್ಸ್‌ಫಾರ್ಮರ್ ಸುಟ್ಟು ಬೆಳಗ್ಗೆಯಿಂದ ಹಿರಿಯೂರಿಗೆ ಕರೆಂಟಿಲ್ಲ, ಮಿಲ್ಲು ನಿಂತೈತೆ ಅಂದ. ರಾತ್ರಿ ತನಕ ಬರಲಿಲ್ಲ. ಈ ಕಂಪ್ಯೂಟರ್ ಹೆಂಗ್ ಹತ್ತಿತು?" ಉಷಾರಾಣಿ ಮೆಲ್ಲಗೆ ತಲೆಯೆತ್ತಿದಳು. ಚಿಕ್ಕತಿಮ್ಮಪ್ಪನೂ ಹೌದೆಂಬಂತೆ ಗೋಣಾಡಿಸಿದ. ಅಂದು ಊರಿಗೆ ಕರೆಂಟಿರಲಿಲ್ಲವೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವನು ಒಬ್ಬನೇ, ಅಂದು ಊರಲ್ಲಿರಬಾರದೆಂದು ಅಷ್ಟೊಂದು ಕಷ್ಟಪಟ್ಟವನು.