ನಾಲ್ಕನೆಯ ಸೂಚಕ

ಮುಂಗೈ ಮೇಲೆ ಕೆಂಪು ಚುಕ್ಕೆ ಮೂಡಿದಾಗ ದುರುಗಪ್ಪ ಬಂಡಿವಡ್ಡರ ಇಳಕಲ್ಲಿನ ಗಣಿಯಲ್ಲಿ ಕ್ರೇನಿನಿಂದ ಬಂಡೆ ಎತ್ತುತ್ತಿದ್ದ. ಬಂಡೆಯನ್ನು ಮೆಲ್ಲಗೆ ಕೆಳಗಿಳಿಸಿ, ಎಂಜಿನ್ ಆರಿಸಿ, ಚುಕ್ಕೆಯನ್ನು ಉಗುಳು ಹಚ್ಚಿ ಉಜ್ಜಿದ. ಅದು ಹೋಗಲಿಲ್ಲ. ಮರುದಿನ ಕಲ್ಲಿನ ಪುಡಿ ಮೆತ್ತಿದ ಬಟ್ಟೆಯಲ್ಲೇ ಆಸ್ಪತ್ರೆಯಲ್ಲಿ ಡಾ. ಶರಯೂ ಇನಾಮದಾರ ಅವರೆದುರು ಬಂದು ಕುಳಿತ.

ಚರ್ಮದಡಿ ಹುದುಗಿಸುವ, ಅಕ್ಕಿಕಾಳಿನಷ್ಟೇ ಸಣ್ಣ 'ನೆತ್ತರುಗಣ್ಣು' ಎಂಬ ಯಂತ್ರ ಶರಯೂ ಅವರದೇ ಸೃಷ್ಟಿ. ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೋರುವ ಮೂರು ಪ್ರೋಟೀನುಗಳನ್ನು, ಅಂದರೆ ರಕ್ತಸೂಚಕಗಳನ್ನು, ಅದು ಬಿಡುವಿಲ್ಲದೆ ಅಳೆಯುತ್ತಿತ್ತು. ಐವತ್ತು ದಾಟಿದ ಪ್ರತಿ ಗಂಡಸಿನ ಕೈಯಲ್ಲೂ ಅದಿತ್ತು. ಅವುಗಳ ಮಟ್ಟ ಏರಿ ಚರ್ಮದ ಮೇಲೆ ಕೆಂಪು ಚುಕ್ಕೆ ಮೂಡಿದರೆ ತಿಂಗಳೊಳಗೆ ಗ್ರಂಥಿಯನ್ನೇ ತೆಗೆದುಹಾಕುತ್ತಿದ್ದರು. ಆರು ವರ್ಷಗಳಿಂದ ಈ ಕಾಯಿಲೆಗೆ ಜಿಲ್ಲೆಯಲ್ಲಿ ಒಬ್ಬರೂ ಸತ್ತಿರಲಿಲ್ಲ.

"ಇದು ಕ್ಯಾನ್ಸರ್ ಏನ್ರಿ, ಬಾಯಾರ?"

"ಹೌದು. ಸಾಸಿವೆಗಿಂತ ಸಣ್ಣ ಗಂಟು. ತೆಗೆದರೆ ನಿಶ್ಚಿಂತೆ."

"ಬಿಟ್ರ?"

"ಬೆಳೀಬಹುದು."

"ಬೆಳೀಲಾರದ ಸುಮ್ನ ಇರಬಹುದೇನು?"

ಗಂಟು ಇದೆಯೆಂದಷ್ಟೇ ಯಂತ್ರಕ್ಕೆ ತಿಳಿಯುತ್ತಿತ್ತು. ಯಾವುದು ಕೊಲ್ಲುತ್ತದೆ, ಯಾವುದು ಮುಪ್ಪಿನವರೆಗೂ ಮಲಗಿಯೇ ಇರುತ್ತದೆ ಎಂಬುದು ಅದಕ್ಕೂ ಗೊತ್ತಿರಲಿಲ್ಲ, ಶರಯೂ ಅವರಿಗೂ ಗೊತ್ತಿರಲಿಲ್ಲ.

"ಇರಬಹುದು," ಎಂದರು.

"ನಮ್ಮ ಗಣಿಯಾಗ ತಗಸ್ಕೊಂಡವರನ್ನ ನೋಡೀನ್ರಿ. ಉಚ್ಚಿ ನಿಲ್ಲಂಗಿಲ್ಲ. ಹೆಂಡ್ತಿ ಮಗ್ಗಲಾಗ ಮಲಗಾಕ ನಾಚತಾರ. ನಾ ಒಲ್ಲೆ. ತಿಂಗಳಿಗೊಮ್ಮೆ ರಕ್ತಾ ಕೊಡ್ತೀನಿ, ನೋಡ್ಕೋತ ಇರ್ರಿ."

ಅವನನ್ನು ನೋಡಿ ಇನ್ನೂ ಇಪ್ಪತ್ತೆರಡು ಮಂದಿ ಶಸ್ತ್ರಚಿಕಿತ್ಸೆ ಬೇಡವೆಂದರು. ಶರಯೂ ಅವರ ಸಹೋದ್ಯೋಗಿಗಳು ಆ ಇಪ್ಪತ್ಮೂರು ಮಂದಿಯ ಕಡತವನ್ನು 'ಸಾಯುವವರ ಪಟ್ಟಿ' ಎಂದು ಕರೆದರು. ಶರಯೂ ನಗಲಿಲ್ಲ. ತಿಂಗಳು ತಿಂಗಳೂ ರಕ್ತ ತೆಗೆದು ಶೀತಕಪೆಟ್ಟಿಗೆಯಲ್ಲಿಟ್ಟರು.

ಏಳು ವರ್ಷಗಳಾದವು. ಇಪ್ಪತ್ತೆರಡು ಮಂದಿಯ ಗಂಟು ಇದ್ದಷ್ಟೇ ಇತ್ತು. ದುರುಗಪ್ಪನದು ಬೆನ್ನುಮೂಳೆಗೆ ಇಳಿಯಿತು.

ಅವನ ಹಳೆಯ ರಕ್ತವನ್ನೆಲ್ಲ ಮತ್ತೆ ಶೋಧಿಸಿದಾಗ ಶರಯೂಗೆ ನಾಲ್ಕನೆಯ ಪ್ರೋಟೀನೊಂದು ಸಿಕ್ಕಿತು. ಉಳಿದ ಇಪ್ಪತ್ತೆರಡು ಮಂದಿಯಲ್ಲಿ ಅದರ ಸುಳಿವೇ ಇರಲಿಲ್ಲ. ದುರುಗಪ್ಪನಲ್ಲಿ ಅದು ಮೊದಲ ತಿಂಗಳಿನಿಂದಲೂ ಇತ್ತು. ಹಾಸಿಗೆ ಹಿಡಿದಿದ್ದವನ ಬಳಿ ಹೋಗಿ ಏನನ್ನೂ ಮುಚ್ಚಿಡದೆ ಹೇಳಿದರು.

"ಅಂದ್ರ ಅವತ್ತ ತಗಸ್ಕೊಂಡಿದ್ರ ನಾ ಉಳೀತಿದ್ದೆ?"

"ಹೌದು, ದುರುಗಪ್ಪ."

ಅವನು ದಿಂಬಿಗೆ ಮೊಣಕೈ ಊರಿ ಅವರತ್ತ ತಿರುಗಿದ. "ತಗಸ್ಕೊಂಡವರ ರಕ್ತಾ ಇಟ್ಟೀರೇನ್ರಿ? ಅದನ್ನೂ ನೋಡ್ರಿ."

ಶರಯೂ ಹೆದರಿದ್ದು ಅದಕ್ಕೇ. ಅವನನ್ನು ಮಣ್ಣು ಮಾಡಿದ ವಾರ ಶೀತಕಪೆಟ್ಟಿಗೆಯ ಬಾಗಿಲು ತೆರೆದರು. ಶಸ್ತ್ರಚಿಕಿತ್ಸೆಗೆ ಮುಂಚೆ ತೆಗೆದಿಟ್ಟ ಆರುನೂರ ಹನ್ನೊಂದು ಮಂದಿಯ ರಕ್ತ ಅಲ್ಲಿತ್ತು. ನಾಲ್ಕನೆಯ ಸೂಚಕ ಕಂಡದ್ದು ಮೂವತ್ತನಾಲ್ಕರಲ್ಲಿ ಮಾತ್ರ. ಉಳಿದವರನ್ನು ಸುಮ್ಮನೆ ಕೊಯ್ದಿದ್ದರು.

ಗ್ರಂಥಿ ತೆಗೆಸಿಕೊಂಡು ಬದುಕುಳಿದವರ ವಾರ್ಷಿಕ ಸಭೆಯಲ್ಲಿ ಶರಯೂ ಅವರಿಗೆ ಶಾಲು ಹೊದಿಸಿದರು. ಅವರು ಶಾಲನ್ನು ತೆಗೆದು ಮೇಜಿನ ಮೇಲಿಟ್ಟು, ಲೆಕ್ಕವನ್ನು ಇದ್ದದ್ದು ಇದ್ದ ಹಾಗೆ ಓದಿದರು. ಕಲ್ಲು ಬೀಳಬಹುದು, ಚಪ್ಪಲಿ ಬೀಳಬಹುದು ಎಂದುಕೊಂಡಿದ್ದರು. ಯಾವುದೂ ಬೀಳಲಿಲ್ಲ. ಶರಯೂ ಹಾಳೆಗಳ ಕಟ್ಟೊಂದನ್ನು ಬಿಚ್ಚಿದರು.

"ಹೆಸರುಗಳ ಪಟ್ಟಿ ತಂದಿದ್ದೇನೆ. ಯಾರಿಗೆ ನಿಜವಾಗಿ ಬೇಕಾಗಿತ್ತು, ಯಾರಿಗೆ ಇರಲಿಲ್ಲ, ಎಲ್ಲ ಇದರಲ್ಲಿದೆ."

ಮುಂದಿನ ಸಾಲಿನ ಮುದುಕನೊಬ್ಬ ಧೋತರ ಸರಿಮಾಡಿಕೊಳ್ಳುತ್ತ ಎದ್ದು ಕೈಮುಗಿದ.

"ಬಾಯಾರ, ಅದನ್ನ ಓದಬ್ಯಾಡ್ರಿ. ಆ ಮೂವತ್ತನಾಕು ಮಂದಿಯೊಳಗ ನಾನೂ ಒಬ್ಬ ಅಂದ್ಕೊಂಡು ಸಾಯ್ತೀನಿ."

ಶರಯೂ ಹಿಂದಿನ ಸಾಲುಗಳತ್ತ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ಕೈಮುಗಿಯತೊಡಗಿದ್ದರು.