ಪೆರ್ಸಿದಾ ಮನೆಯ ಪಾಕ

ಮೊರಾವಾ ನದಿಯ ದಡದ ನಮ್ಮ ಪಟ್ಟಣದ ಇತಿಹಾಸದಲ್ಲಿ ದಾಖಲಾಗಬೇಕಾದ ಮಹಾಸಂಕಟಗಳು ಎರಡು. ಒಂದು, ಸೇತುವೆ ಕೊಚ್ಚಿಹೋದ ವರ್ಷದ ಪ್ರವಾಹ. ಇನ್ನೊಂದು, ಪೀಪಾಯಿ ಮಾಡುವ ರಾದಿಸಾವನ ಹಲ್ಲು ಜುಮ್ಮೆಂದದ್ದು. ಪ್ರವಾಹದ ಬಗ್ಗೆ ಬೇರೆಯವರು ಬರೆದಿದ್ದಾರೆ.

ನಾನು ಔಷಧಿ ಅಂಗಡಿಯವನು. ನನ್ನ ಮಹಡಿಯ ಮೇಲಿದ್ದ ಕೊಸಾರಾ, ರೈಲ್ವೆಯವರ ಕಳೆದುಹೋದ ಸಾಮಾನುಗಳ ಕೋಣೆಯನ್ನು ಮೂವತ್ತು ವರ್ಷ ನೋಡಿಕೊಂಡು ನಿವೃತ್ತಳಾದವಳು. ಊರಿನಲ್ಲಿ ಏನೇ ಕೆಟ್ಟರೂ ಜನ ಠಾಣೆಗಿಂತ ಮೊದಲು ಅವಳ ಮೆಟ್ಟಿಲು ಹತ್ತುತ್ತಿದ್ದರು. ಆ ಸೋಮವಾರ ಹತ್ತಿದವಳು ವಿಧವೆ ಪೆರ್ಸಿದಾಳ ಸೊಸೆ ಮಿಲುಂಕಾ. ಕಂಕುಳಲ್ಲಿ ಮೂರು ತಿಂಗಳ ಹೆಣ್ಣುಮಗು.

"ಕೊಸಾರಕ್ಕಾ, ನಾನು ಪಾಕಕ್ಕೆ ಏನೋ ಬೆರೆಸ್ತೀನಂತೆ! ಅತ್ತೆ ಬೀದಿಯೆಲ್ಲ ಹೇಳ್ಕೊಂಡು ಬಂದಿದ್ದಾರೆ."

ನಮ್ಮಲ್ಲಿ ಮನೆಗೆ ಬಂದವರ ಮುಂದೆ ಹಣ್ಣಿನ ಪಾಕ, ಬೆಳ್ಳಿ ಚಮಚ, ನೀರು ಇಡಬೇಕು. ಬಂದವರು ಒಂದೇ ಒಂದು ಚಮಚ ಬಾಯಿಗಿಟ್ಟು, ಚಮಚವನ್ನು ನೀರಿನ ಲೋಟಕ್ಕೆ ಹಾಕಬೇಕು. ರಾದಿಸಾವ್ ಆ ಮನೆಯ ಕೂಮ್. ಅಲ್ಲಿ ಹುಟ್ಟಿದ ಮಕ್ಕಳಿಗೆ ಚರ್ಚಿನಲ್ಲಿ ಹೆಸರಿಡಬೇಕಾದವನು ಅವನೇ. ಒಂದೂವರೆ ವರ್ಷದಿಂದ, ಅಂದರೆ ಮಿಲುಂಕಾ ಮದುವೆಯಾಗಿ ಬಂದಾಗಿನಿಂದ, ಅಲ್ಲಿಯ ಪಾಕ ಬಾಯಿಗಿಟ್ಟರೆ ಅವನ ಹಲ್ಲು ನೆತ್ತಿಯವರೆಗೆ ಜುಮ್ಮೆನ್ನುತ್ತಿತ್ತು. ಕೊನೆಗೆ ಆ ಹೊಸ್ತಿಲು ತುಳಿಯುವುದಿಲ್ಲ ಎಂದುಬಿಟ್ಟಿದ್ದ. ಮಗು ಹೆಸರಿಲ್ಲದೆ ಬೆಳೆಯುತ್ತಿತ್ತು.

ನಾವು ರಾದಿಸಾವನ ಪೀಪಾಯಿ ಕಾರ್ಖಾನೆಗೆ ಹೋದೆವು.

"ಎಲ್ಲ ಸಿಹಿಗೂ ಹೀಗೇನಾ?" ಎಂದಳು ಕೊಸಾರಾ.

"ಇಲ್ಲ ಕಣಕ್ಕ, ಆ ಮನೆ ಪಾಕ ಮಾತ್ರ. ಚೆರ್ರಿ ಆದ್ರೂ ಅಷ್ಟೇ, ಅಂಜೂರ ಆದ್ರೂ ಅಷ್ಟೇ. ಅಲ್ಲೇ ಬಕ್ಲಾವಾ ಕೈಯಲ್ಲೆತ್ತಿ ಆರು ತುಂಡು ತಿಂದೆ, ಏನೂ ಆಗ್ಲಿಲ್ಲ."

"ಆರಾ?"

"ಒಂಬತ್ತು. ಪೆರ್ಸಿದಾ ಒಂದು ಜಾಡಿ ಪಾಕಾನೂ ಕಳಿಸಿದ್ಲು. ಮನೇಲಿ ರೊಟ್ಟಿ ಅದ್ಕೊಂಡು ಖಾಲಿ ಮಾಡ್ದೆ. ಅಮೃತ! ಅಂದ್ಮೇಲೆ ಜಾಡಿ ತಪ್ಪಲ್ಲ, ತಟ್ಟೆ ತರೋ ಕೈಯದ್ದೇ ತಪ್ಪು."

ಅವನು ನಕ್ಕಾಗ ಕೋರೆಹಲ್ಲಿನ ಚಿನ್ನದ ಕವಚ ಹೊಳೆಯಿತು.

"ಹುಳುಕು," ಎಂದೆ ನಾನು, ಲವಂಗದೆಣ್ಣೆ ಮಾರುವ ಆಸೆಯಿಂದ.

"ಹುಳುಕು ಮನೆ ನೋಡ್ಕೊಂಡು ಕಚ್ಚುತ್ತಾ?" ಎಂದಳು ಕೊಸಾರಾ.

ಮರುದಿನ ಪೆರ್ಸಿದಾಳ ಮನೆಯಲ್ಲಿ ಇಬ್ಬರೂ ಒಂದೊಂದು ಚಮಚ ಪಾಕ ತಿಂದೆವು. ನನಗೇನೂ ಆಗಲಿಲ್ಲ.

"ಚಮಚ ಲೋಟಕ್ಕೆ ಹಾಕಿದಾಗ ಟಿಣ್ ಅನ್ನೋ ಸದ್ದು ಕೇಳ್ತಾ?" ಎಂದು ವಾಪಸ್ ಬರುವ ದಾರಿಯಲ್ಲಿ ಕೊಸಾರಾ ಕೇಳಿದಳು.

"ಇಲ್ಲವಲ್ಲ."

"ನಂಗೂ ಕೇಳ್ಲಿಲ್ಲ," ಎಂದಳು, ಬಹಳ ತೃಪ್ತಿಯಿಂದ.

ಬುಧವಾರ ಮಧ್ಯಾಹ್ನ ಕೊಸಾರಾ ಎಲ್ಲರನ್ನೂ ಪೆರ್ಸಿದಾಳ ನಡುಮನೆಯಲ್ಲಿ ಕೂರಿಸಿದಳು. ರಾದಿಸಾವನನ್ನು ನಾನು ತೋಳು ಹಿಡಿದು ಹೊಸ್ತಿಲು ದಾಟಿಸಿದ್ದೆ. ಮಿಲುಂಕಾ ತಟ್ಟೆ ತಂದಳು. ಕೊಸಾರಾ ಚೀಲದಿಂದ ಮರದ ಚಮಚ ತೆಗೆದು, ಅದೇ ಬಟ್ಟಲಿನ ಪಾಕ ತುಂಬಿ ಅವನ ಬಾಯಿಗಿಟ್ಟಳು. ಅವನು ಕಣ್ಣು ಮುಚ್ಚಿ ನುಂಗಿ, ಒಂದು ಕಣ್ಣು ತೆರೆದ.

"ಏನೂ ಇಲ್ಲ!"

"ಈಗ ಇದನ್ನ ಕಚ್ಚು." ತಟ್ಟೆಯಲ್ಲಿದ್ದ ಬರಿಯ ಚಮಚ ಕೊಟ್ಟಳು.

"ಅಯ್ಯೋ ನಿನ್ನ ಮನೆ ಹಾಳಾಗ!" ರಾದಿಸಾವ್ ಕುರ್ಚಿಯಿಂದ ಎದ್ದೇಬಿಟ್ಟ.

"ಪಾಕ ಇಲ್ಲ, ಜುಂ ಇದೆ," ಎಂದಳು ಕೊಸಾರಾ. "ಇದು ಬೆಳ್ಳಿ ಅಲ್ಲ, ಅಲ್ಯೂಮಿನಿಯಂ. ಚಿನ್ನಕ್ಕೆ ತಾಗಿದ್ರೆ ಎಂಜಲಲ್ಲಿ ಸಣ್ಣ ಕರೆಂಟು ಹುಟ್ಟುತ್ತೆ. ಬಕ್ಲಾವಾಗೆ ಚಮಚ ಬೇಡ, ರೊಟ್ಟಿಗೂ ಬೇಡ. ಚಿನ್ನದ ಹಲ್ಲು ಇವನೊಬ್ಬನಿಗೇ, ಅದಕ್ಕೆ ನೋವೂ ಇವನೊಬ್ಬನಿಗೇ. ಒಂದು ಸಲ ಬಾಯಿಗಿಟ್ಟು ನೀರಿಗೆ ಹಾಕೋ ಚಮಚಾನ ಯಾರು ನೋಡ್ತಾರೆ? ಆದ್ರೆ ಬೆಳ್ಳಿ ಬಿದ್ರೆ ಲೋಟ ಟಿಣ್ ಅನ್ನುತ್ತೆ. ಇದು ಅನ್ನಲ್ಲ."

"ಹಾಗಾದ್ರೆ ನನ್ನ ಬೆಳ್ಳಿ ಚಮಚ ಇವಳೇ ಕದ್ದಿದ್ದಾಳೆ!" ಪೆರ್ಸಿದಾ ಸೊಸೆಯತ್ತ ಬೆರಳು ಮಾಡಿದಳು.

"ನಾನು ಬಂದಾಗ ಬೀರುವಿನಲ್ಲಿದ್ದದ್ದೇ ಇವು, ಅತ್ತೆ. ಬೆಳ್ಳಿ ಅಂತ ವಾರಾ ವಾರಾ ಉಜ್ಜಿ ಉಜ್ಜಿ ಇಟ್ಟಿದ್ದೀನಿ." ಎಂದಳು ಮಿಲುಂಕಾ.

"ಬೆಳ್ಳಿ ಕಳುವಾಯ್ತು ಅಂದ್ರೆ ಹೆಂಗಸು ಎದ್ದು ಬೀರುವಿನ ಕಡೆ ಓಡ್ತಾಳೆ, ಪೆರ್ಸಿದಾ," ಎಂದಳು ಕೊಸಾರಾ. "ನೀನು ಕೂತಲ್ಲೇ ಕೊರಳಲ್ಲಿರೋ ಪೆಟ್ಟಿಗೆ ಬೀಗದಕೈ ಮುಟ್ಟಿ ನೋಡ್ಕೊಂಡೆ."

ಪೆಟ್ಟಿಗೆ ತೆರೆಸಿದಾಗ, ಪೆರ್ಸಿದಾ ತನ್ನ ಅಂತ್ಯಸಂಸ್ಕಾರಕ್ಕೆಂದು ಎತ್ತಿಟ್ಟುಕೊಂಡಿದ್ದ ಬಟ್ಟೆಯೊಳಗೆ, ಹನ್ನೆರಡು ಬೆಳ್ಳಿ ಚಮಚಗಳಿದ್ದವು.

"ಹೊಸ ಸೊಸೆ, ಹೇಗಿರ್ತಾಳೋ, ಒಂದು ವಾರ ನೋಡೋಣ ಅಂತ ಬದಲಾಯಿಸಿಟ್ಟೆ," ಎಂದಳು ಪೆರ್ಸಿದಾ.

"ಆಮೇಲೆ?"

"ಆಮೇಲೆ ಹೊರಗೆ ತೆಗೆಯೋಕೆ ನಾಚಿಕೆ ಆಯ್ತು. ಹಲ್ಲಿನ ವಿಷಯ ನಂಗೇನು ಗೊತ್ತು?"

ರಾದಿಸಾವ್ ಒಂದು ಬೆಳ್ಳಿ ಚಮಚ ಎತ್ತಿಕೊಂಡು, ಬಟ್ಟಲನ್ನು ಹತ್ತಿರಕ್ಕೆಳೆದು, ಪದ್ಧತಿ ಮರೆತು ನಾಲ್ಕು ಸಲ ತಿಂದ.

ಭಾನುವಾರ ಚರ್ಚಿನಲ್ಲಿ ಅವನು ಮಗುವಿಗೆ ಗ್ರೋಜ್ದಾನಾ ಎಂದು ಹೆಸರಿಟ್ಟ. ಬೀಗದಕೈ ಈಗ ಮಿಲುಂಕಾಳ ಹತ್ತಿರ ಇದೆ.